ತಗಡಿನ ಬೇಲಿಯನ್ನು ಕಡಲೆಂದು ತೋರಿಸಿದವರಿಗೆ

ಕಡಲ ದಾರಿ ದರ್ಶನದ ಬಸ್ಸು ಬಿಡಿಸುವ ಮಾನ್ಯ ಪ್ರವಾಸಾಧಿಕಾರಿಗಳೇ,

ಕಳೆದ ತಿಂಗಳ ಎರಡನೇ ಭಾನುವಾರ, ಬೆಳಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ಸರಿಯಾಗಿ, ತಮ್ಮ ಇಲಾಖೆಯು ಕಣ್ಣು ಮಂಜಾದ ನನ್ನ ಅಕ್ಕನಿಗೆ ಮೇಲ್ಸೇತುವೆ ಕಾಮಗಾರಿಯ ಸುತ್ತ ನಿಲ್ಲಿಸಿದ್ದ ತಗಡಿನ ಬೇಲಿಯನ್ನು ತೋರಿಸಿ, ಇದೇ ಸಮುದ್ರ ಎಂದು ಹೇಳಿತು. ಅಕ್ಕ ನಂಬಿದಳು. ಕಿಟಕಿಯ ಗಾಜಿಗೆ ಹಣೆ ಆನಿಸಿ ಅತ್ತಳು. ಈ ವಿಷಯ ತಿಳಿಸಿ ನಾನು ಬರೆದ ಮೊದಲ ಪತ್ರಕ್ಕೆ ತಮ್ಮ ಕಚೇರಿ, ವಿವರಣೆಯನ್ನು ನಿಗದಿತ ಸಮಯಕ್ಕೆ ನೀಡಲಾಗಿದೆ ಎಂದು ಉತ್ತರಿಸಿ ಕೈ ತೊಳೆದುಕೊಂಡಿದೆ. ಆದ್ದರಿಂದ ಎರಡನೆಯದನ್ನು ನಾಲ್ಕು ಜನ ಓದುವ ಹಾಗೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಕಚೇರಿಗೆ ಬಂದ ಕಾಗದವನ್ನು ತಾವು ಓದುವುದಿಲ್ಲ ಎಂಬುದು ನನಗೆ ಖಚಿತವಾಗಿದೆ. ಪತ್ರಿಕೆಯನ್ನಾದರೂ, ತಮ್ಮ ಭಾವಚಿತ್ರ ಬಂದಿದೆಯೇ ಎಂದು ನೋಡುವುದಕ್ಕೆ, ದಿನವೂ ತೆರೆಯುತ್ತೀರಂತೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ಮೂವತ್ತೊಂದು ವರ್ಷ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕುಳಿತು, ರೈಲು ಬಂದದ್ದನ್ನೂ ಹೊರಟದ್ದನ್ನೂ ಜನರಿಗೆ ಹೇಳಿ ನಿವೃತ್ತಳಾದವಳು. ತಾವು ನನ್ನ ಧ್ವನಿ ಕೇಳಿರಲಾರಿರಿ. ಕಾಯುವ ಕೆಲಸ ತಮ್ಮದಲ್ಲ, ತಮಗಾಗಿ ಕಾಯುವವರದ್ದು. ನಮ್ಮದು ಗಾಳಿಯಾಡದ ಕೋಣೆ. ಒಂದು ಮೇಜು, ಎರಡು ಫೋನು, ಗೋಡೆಗೊಂದು ಗಡಿಯಾರ. ಅಲ್ಲಿಂದ ಒಂದು ಹಳಿಯೂ ಕಾಣುತ್ತಿರಲಿಲ್ಲ. ಹಾಗಾಗಿ ಹಿಂದಿನ ನಿಲ್ದಾಣದಿಂದ ಫೋನು ಬರುವ ತನಕ ಬಾಯಿ ಬಿಡಬಾರದು ಎಂದು ಮೊದಲ ದಿನವೇ ನಮಗೆ ಕಲಿಸಿದ್ದರು. ಗಡಿಯಾರ ಏನೇ ಹೇಳಲಿ, ರೈಲು ಬಂದರೆ ಬಂತು, ಬರದಿದ್ದರೆ ಇಲ್ಲ. ತಡವಾಗಿದೆ ಎಂದು ಸಾವಿರಾರು ಸಲ ಹೇಳಿ ಜನರ ಹತ್ತಿರ ಬೈಸಿಕೊಂಡಿದ್ದೇನೆ. ಆದರೆ ಬಾರದ ರೈಲನ್ನು ಬಂದಿದೆ ಎಂದು ಹೇಳಿ ಗಂಟುಮೂಟೆ ಹೊತ್ತವರನ್ನು ಸುಮ್ಮಸುಮ್ಮನೆ ಓಡಿಸಿದವಳಲ್ಲ. ತಮ್ಮ ಇಲಾಖೆಯ ಕೆಲಸವನ್ನು ಅಳೆಯುವುದಕ್ಕೆ ಇಷ್ಟು ಅರ್ಹತೆ ಸಾಕು ಎಂದುಕೊಂಡಿದ್ದೇನೆ.

ಇನ್ನು ಅಕ್ಕ. ನನಗಿಂತ ಎಂಟು ವರ್ಷ ದೊಡ್ಡವಳು. ನಲವತ್ತು ವರ್ಷ ಒಂದೇ ದಾರದ ಅಂಗಡಿಯಲ್ಲಿ ಕೆಲಸ ಮಾಡಿದಳು. ದರ್ಜಿಗಳು ಬಟ್ಟೆಯ ತುಂಡು ತಂದುಕೊಟ್ಟರೆ ಅದಕ್ಕೆ ಸರಿಹೊಂದುವ ದಾರ ತೆಗೆದುಕೊಡುವುದು ಅವಳ ಕೆಲಸ. ನೀಲಿಯಲ್ಲೇ ಅರವತ್ತೆಂಟು ನಂಬರುಗಳಿದ್ದವು. ಅಕ್ಕ ಬಟ್ಟೆಯನ್ನು ಬಾಗಿಲ ಬಳಿ ಬೆಳಕಿಗೆ ಹಿಡಿದು ಒಮ್ಮೆ ನೋಡಿ, ಒಳಗೆ ಹೋಗಿ ಒಂದೇ ಉಂಡೆ ಎತ್ತಿಕೊಂಡು ಬರುತ್ತಿದ್ದಳು. ಎರಡು ತಂದು ಯಾವುದು ಬೇಕೆಂದು ಕೇಳುವುದು ಅವಳಿಗೆ ಅವಮಾನ. ಅಂಥವಳ ಕಣ್ಣಿಗೇ ಈಗ ಕುತ್ತು ಬಂದಿದೆ. ಗೆರೆಗಳೆಲ್ಲ ಅಳಿಸಿ ಹೋಗಿವೆ. ಎದುರಿಗೆ ನಿಂತವರ ಮುಖ ಕಾಣುವುದಿಲ್ಲ, ಉಟ್ಟ ಬಟ್ಟೆಯ ಬಣ್ಣ ಕಾಣುತ್ತದೆ. ಕಣ್ಣಿನ ವೈದ್ಯರು ಸುತ್ತಿ ಬಳಸಿ ಹೇಳುವವರಲ್ಲ. "ಬಣ್ಣಾನೂ ಹೋಗುತ್ತೆ ಅಮ್ಮಾ. ನಾಲ್ಕು ತಿಂಗಳು, ಹೆಚ್ಚೆಂದರೆ ಐದು. ಏನಾದ್ರೂ ನೋಡೋದಿದ್ರೆ ಈಗಲೇ ನೋಡಿಬಿಡಿ," ಎಂದರು.

ಮನೆಗೆ ಬರುವ ದಾರಿಯಲ್ಲಿ ಏನು ನೋಡಬೇಕಕ್ಕ ಎಂದು ಕೇಳಿದೆ. ಅವಳು ಒಂದು ನಿಮಿಷವೂ ಯೋಚಿಸಲಿಲ್ಲ. "ಸಮುದ್ರ," ಎಂದಳು.

ಎಪ್ಪತ್ತು ದಾಟಿದವಳು ಸಮುದ್ರ ನೋಡಿಲ್ಲವೇ ಎಂದು ತಾವು ಹುಬ್ಬೇರಿಸಬಹುದು. ನೋಡಿಲ್ಲ. ವಾರಕ್ಕೊಂದು ರಜೆ, ಆ ದಿನ ಮನೆಯ ಬಟ್ಟೆ ಒಗೆಯಬೇಕು, ಹಾಸಿಗೆ ಹಿಡಿದ ಭಾವನನ್ನು ನೋಡಿಕೊಳ್ಳಬೇಕು. ನಾನು ಕರೆದಾಗಲೆಲ್ಲ "ಸಮುದ್ರ ಎಲ್ಲಿ ಓಡಿಹೋಗುತ್ತೆ, ಇರುತ್ತೆ ಬಿಡೇ," ಎನ್ನುತ್ತಿದ್ದಳು. ಅದರಲ್ಲೂ ಅವಳಿಗೆ ಬೇಕಾಗಿದ್ದದ್ದು ತಮ್ಮ ಇಲಾಖೆಯೇ ಬಣ್ಣ ಬಣ್ಣವಾಗಿ ಅಚ್ಚು ಹಾಕಿಸಿ ಹಂಚುವ ಆ ಮೂರು ಬಣ್ಣದ ಕೊಲ್ಲಿ. ದಡದ ಹತ್ತಿರ ಬಿಳಿ, ಆಚೆ ಹಸಿರು, ಅದರಾಚೆ ದಟ್ಟ ನೀಲಿ. ಒಂದಕ್ಕೊಂದು ಅಂಚು ಕೂಡಿಸಿ ಹೊಲಿದ ಹಾಗೆ ಕಾಣುತ್ತದೆ ಎಂದು ಅಂಗಡಿಗೆ ಬರುತ್ತಿದ್ದ ಮುದುಕ ದರ್ಜಿಯೊಬ್ಬರು ಎಂದೋ ಹೇಳಿದ್ದರಂತೆ. ಆ ಕೊಲ್ಲಿಗೆ ಇಳಿಯುವ ಕಾಲುದಾರಿ ಇಲ್ಲ. ಕಡಲ ದಾರಿಯ ತಿರುವಿನಲ್ಲಿ ನಿಂತು ಮೇಲಿನಿಂದಲೇ ನೋಡಬೇಕು. ಗುಡ್ಡ ಕುಸಿದ ಮೇಲೆ ಆ ರಸ್ತೆಗೆ ಬೇರೆ ಯಾವ ವಾಹನವನ್ನೂ ಬಿಡುವುದಿಲ್ಲ, ವಾರಕ್ಕೆರಡು ಸಲ ಹೋಗುವ ತಮ್ಮ ಬಸ್ಸೊಂದೇ ಗತಿ. ಈ ತಿಂಗಳು ಮುಗಿದರೆ ತಡೆಗೋಡೆ ಕಟ್ಟುವುದಕ್ಕೆಂದು ಅದನ್ನೂ ಆರು ತಿಂಗಳು ನಿಲ್ಲಿಸುತ್ತೀರಿ. ವೈದ್ಯರು ಕೊಟ್ಟ ಗಡುವು ನಾಲ್ಕೋ ಐದೋ ತಿಂಗಳು. ಕೂಡಿ ಕಳೆಯುವ ಕೆಲಸ ತಮಗೇ ಬಿಡುತ್ತೇನೆ.

ಕಷ್ಟಪಟ್ಟು ಎರಡು ಸೀಟು ಹಿಡಿದೆ. ಹದಿನೇಳು, ಹದಿನೆಂಟು. ಎಡಗಡೆ, ಅಂದರೆ ಸಮುದ್ರದ ಕಡೆ, ಕಿಟಕಿಯ ಪಕ್ಕ. ಅಕ್ಕ ಹಿಂದಿನ ದಿನವೇ ತಲೆಗೆ ಎರೆದುಕೊಂಡಳು. ಕೈಚೀಲಕ್ಕೆ ನೀರಿನ ಬಾಟಲಿ, ಕಣ್ಣಿನ ಹನಿ, ಒಂದು ಜೊತೆ ಚಪ್ಪಲಿ ಹಾಕಿಕೊಂಡಿದ್ದಕ್ಕೆ ನಾನೇನೂ ಅನ್ನಲಿಲ್ಲ. ಜೊತೆಗೆ ಹನ್ನೆರಡು ದಾರದ ಉಂಡೆಗಳನ್ನೂ ತುರುಕುತ್ತಿದ್ದಳು. ಅದೆಲ್ಲ ಯಾಕೆ ಎಂದು ಕೇಳಿದೆ. "ಅಷ್ಟು ದೂರ ಹೋಗ್ತೀನಿ, ಬಣ್ಣ ಯಾವ ನಂಬರು ಅಂತ ನೋಡ್ಕೊಂಡು ಬರೋದು ಬೇಡ್ವಾ? ಆಮೇಲೆ ಮರ್ತು ಹೋದ್ರೆ ಯಾರನ್ನ ಕೇಳ್ಲಿ?" ಎಂದು ನನ್ನನ್ನೇ ಗದರಿದಳು.

ಬಸ್ಸು ಎಂಟಕ್ಕೆ ಹೊರಡಬೇಕಿತ್ತು. ಹೊರಡದೆ ಇದ್ದದ್ದು ತಮ್ಮಿಂದ. ಅದು ಈ ಋತುವಿನ ಐವತ್ತನೇ ಪ್ರವಾಸವಂತೆ, ತಾವು ಹಸಿರು ಬಾವುಟ ಬೀಸಬೇಕಂತೆ. ಬಸ್ಸೊಂದು ತಾನಾಗಿಯೇ ಡಿಪೋದಿಂದ ಹೊರಗೆ ಬರಲಾರದು, ಅಧಿಕಾರಿಯೊಬ್ಬರು ಬಟ್ಟೆ ಅಲ್ಲಾಡಿಸಿದರೆ ಮಾತ್ರ ಚಕ್ರ ತಿರುಗುತ್ತದೆ ಎಂಬ ವಿಜ್ಞಾನ ನನಗೆ ಹೊಸದು. ತಾವು ಬಂದದ್ದು ಎಂಟು ಐವತ್ತಕ್ಕೆ. ಫೋಟೊ ಚೆನ್ನಾಗಿ ಬರಲಿಲ್ಲವೆಂದು ಮೂರು ಸಲ ಬೀಸಿದಿರಿ. ಒಳಗೆ ನಲವತ್ತು ಜನ ಬೆವರುತ್ತಿದ್ದೆವು, ಅದು ಫೋಟೊದಲ್ಲಿ ಬಂದಿಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಎಂಟು ಹೊಡೆದ ಕೂಡಲೇ, ಬಸ್ಸು ಇನ್ನೂ ಡಿಪೋದಲ್ಲಿ ನಿಂತಿರುವಾಗಲೇ, ತಮ್ಮ ಮಾರ್ಗದರ್ಶಿ ಮೈಕು ಹಿಡಿದು ಎದ್ದು ನಿಂತರು. ಐವತ್ತು ದಾಟಿದ, ಮೀಸೆಗೆ ಕಪ್ಪು ಹಚ್ಚಿದ ಮನುಷ್ಯ. ಒಳ್ಳೆಯ ಕಂಠ, ಈ ವಿಷಯದಲ್ಲಿ ನನ್ನ ಮಾತು ನಂಬಿ. "ಸನ್ಮಾನ್ಯ ಪ್ರವಾಸಿಗರೇ, ನಮ್ಮ ಪ್ರಯಾಣ ಆರಂಭವಾಗಿದೆ," ಎಂದರು. ಆರಂಭವಾಗಿರಲಿಲ್ಲ. ಎಂಟು ಹದಿನೈದಕ್ಕೆ, "ಈಗ ನಾವು ಇನ್ನೂರು ವರ್ಷ ಹಳೆಯ ಸೇತುವೆಯನ್ನು ದಾಟುತ್ತಿದ್ದೇವೆ, ಎಡಕ್ಕೆ ನೋಡಿ," ಎಂದರು. ಎಡಕ್ಕೆ ನೋಡಿದೆವು. ಡಿಪೋದ ನೌಕರನೊಬ್ಬ ಕಾಲಿಗೆ ಗೋಣಿ ಸುತ್ತಿಕೊಂಡು ಇನ್ನೊಂದು ಬಸ್ಸಿನ ಚಕ್ರ ತೊಳೆಯುತ್ತಿದ್ದ. ಅಷ್ಟೊಂದು ಜನ ಒಟ್ಟಿಗೆ ತನ್ನನ್ನೇ ನೋಡುತ್ತಿರುವುದು ಕಂಡು ಅವನು ನಾಚಿ ನೀರು ನಿಲ್ಲಿಸಿದ. ಬಸ್ಸಿನಲ್ಲಿ ನಗೆ ಎದ್ದಿತು. ನಾನೂ ನಕ್ಕೆ. ನಗುವಂಥದ್ದೇ ಆಗಿತ್ತು. ಬಸ್ಸು ಹೊರಟ ಮೇಲೆ ಈ ಮನುಷ್ಯ ಮೊದಲಿನಿಂದ ಶುರು ಮಾಡುತ್ತಾನೆ ಎಂದುಕೊಂಡಿದ್ದೆ. ಮಾಡಲಿಲ್ಲ. ಸೇತುವೆಯನ್ನು ನಾವು ನಿಜವಾಗಿ ದಾಟುವಾಗ ಅವರು ಬಂಡೆಗಳ ವಯಸ್ಸು ಹೇಳುತ್ತಿದ್ದರು. ನೀರಿನ ಟ್ಯಾಂಕೊಂದರ ಪಕ್ಕ ದೀಪಸ್ತಂಭದ ಎತ್ತರ ಹೇಳಿದರು. ಆ ಟ್ಯಾಂಕನ್ನು ಹಿಂದಿನ ಸೀಟಿನ ಒಬ್ಬರು ಶ್ರದ್ಧೆಯಿಂದ ಫೋಟೊ ತೆಗೆದರು.

ಒಂಬತ್ತು ನಲವತ್ತಕ್ಕೆ ನಾವಿನ್ನೂ ಊರಿನ ಅಂಚಿನಲ್ಲೇ ಇದ್ದೆವು. ಮೇಲ್ಸೇತುವೆ ಕಟ್ಟುತ್ತಿರುವ ಕಡೆ ವಾಹನಗಳು ಸಾಲುಗಟ್ಟಿ ನಿಂತಿದ್ದವು. ನಮ್ಮ ಎಡಕ್ಕೆ, ಕೈಗೆಟಕುವಷ್ಟು ಹತ್ತಿರ, ಆಳೆತ್ತರದ ತಗಡಿನ ಬೇಲಿ. ತಗಡಿಗೆ ನೀಲಿ ಬಣ್ಣ. ಮೇಲೆ ಧೂಳು ಹಾರದಂತೆ ಕಟ್ಟಿದ ಹಸಿರು ಬಲೆ. ಕೆಳಗೆ ರಾತ್ರಿ ಗಾಡಿಯವರಿಗೆ ಕಾಣಲೆಂದು ಬಳಿದ ಬಿಳಿ ಪಟ್ಟಿ. ಆಗ ಮೈಕಿನಲ್ಲಿ ಆ ಒಳ್ಳೆಯ ಕಂಠ ಏರಿತು. "ನೀವೆಲ್ಲ ಕಾತರದಿಂದ ಕಾಯುತ್ತಿದ್ದ ಘಳಿಗೆ ಬಂದಿದೆ. ಎಡಗಡೆ ನೋಡಿ. ಮೂರು ಬಣ್ಣದ ಕೊಲ್ಲಿ."

ನಾನು ಅಕ್ಕನ ಕಡೆ ತಿರುಗುವಷ್ಟರಲ್ಲಿ ಅವಳ ಹಣೆ ಗಾಜಿಗೆ ತಾಗಿತ್ತು. "ಸಿಕ್ತು ಕಣೇ," ಎಂದಳು. "ಮೂರೂ ಸಿಕ್ತು. ಬಿಳಿ, ಹಸಿರು, ನೀಲಿ. ನೀಲಿನೇ ಜಾಸ್ತಿ." ಬಸ್ಸು ಏಳು ನಿಮಿಷ ಕದಲಲಿಲ್ಲ. ಅಕ್ಕ ಚೀಲಕ್ಕೆ ಕೈ ಹಾಕಿ ಒಂದೊಂದೇ ಉಂಡೆ ತೆಗೆದು ಗಾಜಿಗೆ ಹಿಡಿದಳು. ಬೇಡ ಎಂದು ಒಳಗಿಟ್ಟಳು, ಇನ್ನೊಂದು ತೆಗೆದಳು. ಆರನೆಯದಕ್ಕೆ ತಲೆಯಾಡಿಸಿದಳು. "ನಲವತ್ತೊಂದು. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆ ಇಲ್ಲ." ಆಮೇಲೆ ಅವಳ ಕಣ್ಣಲ್ಲಿ ನೀರು ಬಂತು. ಭಾವ ತೀರಿಕೊಂಡಾಗಲೂ ನಾಲ್ಕು ಜನರ ಮುಂದೆ ಅಳದವಳು ಬಸ್ಸಿನಲ್ಲಿ ಅತ್ತಳು. "ನಿಮಗೂ ಕಾಣ್ತಿದೆಯೇನೇ?" ಎಂದು ಕೇಳಿದಳು. ಸಂತೋಷ ಹೆಚ್ಚಾದರೆ ಅವಳು ನನಗೆ ಬಹುವಚನ ಹಾಕುತ್ತಾಳೆ.

"ಕಾಣ್ತಿದೆ ಅಕ್ಕ," ಎಂದೆ.

ಮಾನ್ಯರೇ, ಆ ಎರಡು ಪದಕ್ಕೆ ನಾನು ತಮ್ಮನ್ನು ಎಂದಿಗೂ ಕ್ಷಮಿಸುವುದಿಲ್ಲ. ನನ್ನನ್ನೂ ಕ್ಷಮಿಸಿಕೊಂಡಿಲ್ಲ, ಆದರೆ ಅದು ನಮ್ಮ ಮನೆಯ ವಿಷಯ.

ಆಗಲಿ, ನಿಜವಾದ ಕೊಲ್ಲಿ ಬಂದಾಗ ಸರಿಮಾಡಿದರಾಯಿತು ಎಂದು ಧೈರ್ಯ ತಂದುಕೊಂಡೆ. ತಮ್ಮ ವೇಳಾಪಟ್ಟಿಯ ಪೂರ್ತಿ ಪ್ರತಿಭೆ ನನಗೆ ಆಗಿನ್ನೂ ತಿಳಿದಿರಲಿಲ್ಲ. ಒಂಬತ್ತು ಐವತ್ತೈದಕ್ಕೆ ಇಲಾಖೆಯ ಸಾಧನೆಗಳ ಚಿತ್ರ. ಸಮಯಕ್ಕೆ ಹೊರಟಿದ್ದರೆ ಅದು ಕಡಲು ಮುಗಿದ ಮೇಲೆ, ನೋಡುವುದಕ್ಕೆ ಏನೂ ಇಲ್ಲದ ಬಯಲಿನಲ್ಲಿ ಬರಬೇಕಿತ್ತು. ನಾವು ಐವತ್ತು ನಿಮಿಷ ಹಿಂದಿದ್ದೆವಲ್ಲ, ಬಸ್ಸು ಕಡಲ ದಾರಿಗೆ ಹೊರಳುವ ಹೊತ್ತಿಗೇ ಸಹಾಯಕ ಬಂದು ಎಲ್ಲ ಕಿಟಕಿಗಳ ಪರದೆ ಎಳೆದ. ಟಿವಿಯ ಮೇಲೆ ಬಿಸಿಲು ಬೀಳಬಾರದಂತೆ. ಕಡಲ ದಾರಿ ದರ್ಶನದ ಬಸ್ಸು ಕಡಲ ದಾರಿಯ ನಲವತ್ತು ನಿಮಿಷವನ್ನೂ ಪರದೆ ಹಾಕಿಕೊಂಡು ದಾಟಿತು. ಒಳಗೆ ಟಿವಿಯಲ್ಲಿ ತಾವು ಯಾವುದೋ ಶೌಚಾಲಯದ ರಿಬ್ಬನ್ನು ಕತ್ತರಿಸುತ್ತಿದ್ದಿರಿ. ಇಂಥ ಕೆಲಸವನ್ನು ಬೇಕೆಂದೇ ಮಾಡುವುದು ಯಾರಿಂದಲೂ ಆಗುವುದಿಲ್ಲ, ಅದಕ್ಕೆ ಇಲಾಖೆಯೇ ಬೇಕು.

ಹತ್ತೂವರೆಯ ಹೊತ್ತಿಗೆ ನಾನು ಪರದೆಯನ್ನು ಎರಡು ಬೆರಳು ಸರಿಸಿದೆ. ಕೆಳಗೆ ಕೊಲ್ಲಿ ಇತ್ತು. ಅದು ಹೇಗಿತ್ತು ಎಂದು ಇಲ್ಲಿ ಬರೆಯುವುದಿಲ್ಲ, ಬರೆದರೆ ತಾವು ಅದನ್ನೂ ಮೈಕಿನಲ್ಲಿ ಓದಿಸುತ್ತೀರಿ. "ಅಮ್ಮಾ, ಪರದೆ ಬಿಡಿ, ಹಿಂದಿನೋರಿಗೆ ಟಿವಿ ಕಾಣಲ್ಲ," ಎಂದು ಸಹಾಯಕ ಕೂಗಿದ. ನಾನು ಬಿಡಲಿಲ್ಲ. ಅಕ್ಕನ ತೋಳು ಮುಟ್ಟಿ "ಅಕ್ಕ," ಎಂದೆ. ಅವಳು ಕಣ್ಣು ಮುಚ್ಚಿ ಕುಳಿತಿದ್ದಳು, ಮುಷ್ಟಿಯಲ್ಲಿ ನಲವತ್ತೊಂದನೇ ನಂಬರು. "ಸುಮ್ನಿರೇ," ಎಂದಳು. "ಅದನ್ನೇ ಇನ್ನೊಂದು ಸಲ ನೋಡ್ತಿದೀನಿ. ಎಬ್ಬಿಸಬೇಡ."

ಏನು ಮಾಡಬೇಕಿತ್ತು ಹೇಳಿ? ನೀನು ಅತ್ತದ್ದು ತಗಡಿಗೆ ಎಂದು ನಲವತ್ತು ಜನರ ನಡುವೆ ಹೇಳಬೇಕಿತ್ತೇ? ಹೇಳಬೇಕಿತ್ತು. ಈಗ ಗೊತ್ತಾಗುತ್ತದೆ. ಆಗ ಹೇಳಲೋ ಬೇಡವೋ ಎನ್ನುವಷ್ಟರಲ್ಲಿ ತಿರುವು ಮುಗಿಯಿತು, ಬಸ್ಸು ವಾಪಸು ಬರುವುದೋ ಒಳಗಿನ ಬೇರೆ ರಸ್ತೆಯಲ್ಲಿ. ನಾನು ಪರದೆ ಬಿಟ್ಟೆ.

ಚಹಾಕ್ಕೆ ನಿಲ್ಲಿಸಿದಾಗ ಮಾರ್ಗದರ್ಶಿಯನ್ನು ಹಿಡಿದುಕೊಂಡೆ. ನಾಲಿಗೆಗೆ ಬಂದದ್ದೆಲ್ಲ ಅಂದೆ. ಆತ ಲೋಟ ಕೆಳಗಿಟ್ಟು ಕೇಳಿಸಿಕೊಂಡರು. "ನನಗೇನು ಕಣ್ಣಿಲ್ವಾ ಅಮ್ಮಾ?" ಎಂದರು. "ನನ್ನ ಮೈಕು ರೆಕಾರ್ಡ್ ಆಗುತ್ತೆ. ಯಾವ ಮಾತು ಎಷ್ಟು ಗಂಟೆಗೆ ಅಂದೆ ಅಂತ ಕಚೇರಿಯಲ್ಲಿ ಒಬ್ಬರು ಪಟ್ಟಿ ಇಟ್ಕೊಂಡು ನೋಡ್ತಾರೆ. ಬಸ್ಸು ಎಲ್ಲಿತ್ತು ಅಂತ ಯಾರೂ ನೋಡಲ್ಲ. ಹೋದ ವರ್ಷ ಒಂದ್ಸಲ ಜಾಗ ಬಂದಮೇಲೆ ಹೇಳಿದೆ. ಮೆಮೋ ಬಂತು. ಇನ್ನೊಂದ್ಸಲ ಹೇಳಿದೆ, ಸಂಬಳ ಹಿಡಿದ್ರು. ಈಗ ಗಡಿಯಾರ ನೋಡ್ಕೊಂಡು ಹೇಳ್ತೀನಿ, ಕಿಟಕಿ ಕಡೆ ತಿರುಗೋದೇ ಇಲ್ಲ." ಲೋಟ ಎತ್ತಿಕೊಳ್ಳುತ್ತ, "ನಿಮ್ಮ ಅಕ್ಕ ಅಳ್ತಿದ್ದದ್ದು ಕನ್ನಡೀಲಿ ಕಾಣ್ತು. ನೋಡಬಾರದಿತ್ತು," ಎಂದರು. ಆತನನ್ನು ತಾವು ಈ ಪತ್ರದ ನೆಪದಲ್ಲಿ ಮನೆಗೆ ಕಳಿಸಿದರೆ ನನ್ನ ಮೂರನೆಯ ಪತ್ರ ಇದಕ್ಕಿಂತ ಉದ್ದವಿರುತ್ತದೆ.

ಇಂಥ ಏರ್ಪಾಡು ಯಾರ ತಲೆಯಲ್ಲಿ ಹುಟ್ಟಿತು ಎಂದು ನಾನು ವಿಚಾರಿಸಿದೆ. ಮಾರ್ಗದರ್ಶಿಗಳು ಕೆಲವು ಜಾಗಗಳನ್ನು ಹಾರಿಸಿಬಿಡುತ್ತಾರೆ ಎಂದು ಯಾರೋ ದೂರಿದ್ದರಂತೆ. ಬಸ್ಸಿನಲ್ಲಿ ಹೋಗಿ ನೋಡುವ ಬದಲು ತಾವು ಕುರ್ಚಿಯಿಂದ ಏಳದೆಯೇ ಪರಿಹಾರ ಕಂಡುಹಿಡಿದಿರಿ. ಈಗ ಯಾವ ಜಾಗವೂ ಹಾರಿಹೋಗುವುದಿಲ್ಲ, ಎಲ್ಲವೂ ದಾಖಲೆಯಲ್ಲಿದೆ. ಸಮುದ್ರವೊಂದನ್ನು ಬಿಟ್ಟು. ತಮ್ಮ ಕಚೇರಿ ನನಗೆ ಕಳಿಸಿದ ಉತ್ತರದಲ್ಲಿ ಎರಡೇ ವಾಕ್ಯಗಳಿವೆ. "ಮೂರು ಬಣ್ಣದ ಕೊಲ್ಲಿಯ ವಿವರಣೆಯನ್ನು ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ನೀಡಿರುವುದು ಧ್ವನಿಮುದ್ರಣದಿಂದ ದೃಢಪಟ್ಟಿರುತ್ತದೆ. ಒಮ್ಮೆ ಪ್ರವಾಸ ಪೂರೈಸಿದವರಿಗೆ ಅದೇ ಋತುವಿನಲ್ಲಿ ಮತ್ತೆ ಸೀಟು ನೀಡಲು ಅವಕಾಶವಿರುವುದಿಲ್ಲ." ಅಂದರೆ ತಮ್ಮ ದಾಖಲೆಯ ಪ್ರಕಾರ ನನ್ನ ಅಕ್ಕ ಸಮುದ್ರ ನೋಡಿ ಆಗಿದೆ. ಅವಳಿಗೆ ಇನ್ನೊಂದು ಸಮುದ್ರ ಕೊಡಲು ನಿಯಮವಿಲ್ಲ.

ನಾಲ್ಕು ವಾರ ಅಕ್ಕ ಮನೆಗೆ ಬಂದವರಿಗೆಲ್ಲ ಸಮುದ್ರದ ಕಥೆ ಹೇಳಿದಳು. ಪಕ್ಕದ ಮನೆಯವರಿಗೆ, ಹಾಲು ತರುವವನಿಗೆ, ಫೋನಿನಲ್ಲಿ ಅತ್ತಿಗೆಗೆ. ನಲವತ್ತೊಂದನೇ ನಂಬರಿನ ಉಂಡೆಯನ್ನು ಅವರ ಕೈಗೆ ಕೊಟ್ಟು, "ನೋಡಿ, ಹೀಗೇ ಇತ್ತು," ಎನ್ನುತ್ತಿದ್ದಳು. "ಒಂಚೂರೂ ಅಲುಗಾಡ್ಲಿಲ್ಲ ಕಣ್ರೀ. ನಾನು ಅಲೆ ಇರುತ್ತೆ ಅಂದ್ಕೊಂಡಿದ್ದೆ." ನಾನು ಅಡುಗೆಮನೆಯಲ್ಲಿ ನಿಂತು ಹೌದಕ್ಕ, ಹೌದಕ್ಕ ಎನ್ನುತ್ತಿದ್ದೆ. ತಮ್ಮ ಇಲಾಖೆ ಏಳು ನಿಮಿಷ ಹೇಳಿದ ಸುಳ್ಳನ್ನು ನಾನು ನಾಲ್ಕು ವಾರ, ಸಂಬಳವಿಲ್ಲದೆ, ಹೇಳಿದೆ.

ಈ ಪತ್ರ ಅಚ್ಚಾದರೆ ಪಕ್ಕದ ಮನೆಯವರು ಅದನ್ನು ಅವಳಿಗೆ ಓದಿ ಹೇಳುತ್ತಾರೆ. ಅವರ ಬಾಯಿಂದ ತಿಳಿಯುವುದು ಬೇಡವೆಂದು ಮೊನ್ನೆ ಸಂಜೆ ನಾನೇ ಹೇಳಿದೆ. ತಗಡು, ಬಲೆ, ಬಿಳಿ ಪಟ್ಟಿ, ಪರದೆ, ಎಲ್ಲವನ್ನೂ. ಅಕ್ಕ ಒಳಗೆ ಹೋಗಿ ಆ ಉಂಡೆ ತಂದಳು. ಆಮೇಲೆ ಉಂಡೆಯನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದಳು.

"ಹಾಗಾದ್ರೆ ಇದು ತಗಡಿನ ಬಣ್ಣಾನಾ?"

"ಹೌದಕ್ಕ."

"ಸರಿಯಾಗೇ ಹೊಂದಿಸಿದೀನಲ್ಲ."

"ಸರಿಯಾಗೇ ಹೊಂದಿಸಿದೀಯ."

"ಅವರು ಹೇಳಿದ್ರು ಸರಿ. ಅವರಿಗೆ ನಾನ್ಯಾರು? ನೀನು ಯಾಕೆ ಹೌದು ಅಂದೆ?"

ಎರಡು ದಿನ ಅವಳು ನನ್ನ ಜೊತೆ ಮಾತು ಬಿಟ್ಟಳು. ಇಂದು ಬೆಳಗ್ಗೆ ತಾನಾಗಿಯೇ ಬಂದು ಮೇಜಿನ ಪಕ್ಕ ನಿಂತಳು. "ಅಂದ್ರೆ ನಾನಿನ್ನೂ ಸಮುದ್ರ ನೋಡೇ ಇಲ್ಲ," ಎಂದಳು. ಇಲ್ಲ ಅಕ್ಕ ಎಂದೆ. "ಹಾಗಾದ್ರೆ ಬರಿ. ಮೆತ್ತಗೆ ಬರೀಬೇಡ," ಎಂದಳು. ಈ ಪತ್ರದಲ್ಲಿ ಬಿರುಸು ಹೆಚ್ಚಾಯಿತೆಂದು ತಮಗೆ ಅನಿಸಿದರೆ ಅದು ಹಿರಿಯರ ಅಪ್ಪಣೆ.

ನಮಗೆ ಬೇಕಾದದ್ದು ಕ್ಷಮೆಯಲ್ಲ. ತಮ್ಮ ಕ್ಷಮೆಯೂ ಯಾವುದೋ ಪಟ್ಟಿಯ ಪ್ರಕಾರ, ಯಾವುದೋ ಗಂಟೆಗೆ, ಬೇರೆ ಯಾರಿಗೋ ತಲುಪುತ್ತದೆ. ಈ ತಿಂಗಳ ಕೊನೆಯ ಭಾನುವಾರ ಕಡೆಯ ಬಸ್ಸು ಹೊರಡುತ್ತದೆ. ಅದರಲ್ಲಿ ಎಡಗಡೆ ಎರಡು ಸೀಟು ಕೊಡಿ. ಪರದೆ ತೆಗೆದಿರಲಿ. ಕೊಲ್ಲಿಯ ತಿರುವಿನಲ್ಲಿ ಹತ್ತು ನಿಮಿಷ ಎಂಜಿನ್ನು ಆರಿಸಿ ನಿಲ್ಲಿಸಿ. ಮೈಕು ಬೇಡ, ಯಾರೂ ಏನೂ ಹೇಳುವುದು ಬೇಡ, ನಾನು ಕೂಡ. ಅದು ಏನೆಂದು ಅವಳೇ ಹೇಳಲಿ. ತಾವು ದಯವಿಟ್ಟು ಬರಬೇಡಿ, ಬಸ್ಸು ತಡವಾಗುತ್ತದೆ.

ಸೀಟು ಕೊಡದಿದ್ದರೂ ಅಂದು ಏಳೂವರೆಗೆ ನಾವಿಬ್ಬರೂ ಡಿಪೋದ ಗೇಟಿನಲ್ಲಿ ಬಸ್ಸಿಗೆ ಎದುರಾಗಿ ನಿಂತಿರುತ್ತೇವೆ. ಬಸ್ಸು ಎಷ್ಟು ಹತ್ತಿರ ಬಂತು ಎಂಬುದು ಅಕ್ಕನಿಗೆ ಕಾಣುವುದಿಲ್ಲ, ಆದ್ದರಿಂದ ಅವಳು ಹೆದರಿ ಪಕ್ಕಕ್ಕೆ ಸರಿಯುವುದೂ ಇಲ್ಲ. ಚಾಲಕರಿಗೆ ಇದನ್ನು ಮೊದಲೇ ತಿಳಿಸಿಡಿ.

ಇಂತಿ,
ತಮ್ಮ ಸುಳ್ಳಿಗೆ ನಾಲ್ಕು ವಾರ ಹೌದೆಂದ,
ಹದಿನೆಂಟನೇ ಸೀಟಿನ ತಂಗಿ